ಕಣ್ಣು ಮುಚ್ಚಿದವರ ಕಿವಿ

ಸೆಪ್ಟೆಂಬರ್ 3, ಬುಧವಾರ

ಇಂದಿನ ಪ್ರಾರ್ಥನಾ ಕೂಟದಲ್ಲಿ ನನ್ನ ಹೆಂಡತಿಯ ವಿಷಯವನ್ನು ದೇವರ ಮುಂದೆ ಇಟ್ಟೆ. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಭಾನುವಾರ ಊಟದ ಮೇಜು ಒರೆಸುತ್ತಾ ಅವಳು ಹೇಳಿದ ಮಾತು ಇದು: "ರೀ, ನಿಮಗೊಂದು ಹೇಳ್ಬೇಕು. ಎರಡು ವರ್ಷದಿಂದ ನನಗೆ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ. ನೀವು ಕಣ್ಣು ಮುಚ್ಚಿದಾಗ ನಾನೂ ಮುಚ್ಕೋತೀನಿ. ಒಳಗೆ ಏನೂ ಇರಲ್ಲ." ಅಷ್ಟು ಹೇಳಿ ಒರೆಸುವ ಬಟ್ಟೆ ಹಿಂಡಲು ಹೋದಳು. ನಾನು ಕುಳಿತಲ್ಲೇ ಕುಳಿತೆ. ಸಂಡೇ ಸ್ಕೂಲಿನ ಪುಟ್ಟ ಮಕ್ಕಳಿಗೆ ಕೈಜೋಡಿಸಲು ಕಲಿಸುವವಳು ಇವಳು. ಪ್ರತಿ ಸಂಜೆ ನನ್ನ ಪ್ರಾರ್ಥನೆ ಮುಗಿದಾಗ ಪಕ್ಕದ ಮನೆಗೆ ಕೇಳುವಂತೆ ಆಮೆನ್ ಅನ್ನುವವಳು. ಆ ಆಮೆನ್ ಇಷ್ಟು ದಿನ ಎಲ್ಲಿಂದ ಬರುತ್ತಿತ್ತು?

ಇಂದು ಸಭಾಪಾಲಕರು "ಬಯಸುವವರು ಪ್ರಾರ್ಥಿಸಬಹುದು" ಎಂದ ಕೂಡಲೇ ಎದ್ದೆ. ಮೊದಲು ದೇಶದ ವಿಷಯ. ಆಮೇಲೆ ನಗರಸಭೆಯವರು ಕೊಡುತ್ತಿರುವ ಕೆಸರು ನೀರಿನ ವಿಷಯ. ಆಮೇಲೆ ಕಳೆದ ಶನಿವಾರದ ಮದುವೆಯಲ್ಲಿ ನಡೆದ ಅನಾಚಾರ. ಬೆಳಕು ಸಾಲದೆಂದು ಫೋಟೋದವನು ವಧೂವರರನ್ನು ಇನ್ನೊಮ್ಮೆ ಮೊಣಕಾಲೂರಿಸಿ, ಆಶೀರ್ವಾದವನ್ನೂ ಇನ್ನೊಮ್ಮೆ ಹೇಳಿಸಿದ. ಸಭಾಪಾಲಕರು ಮರುಮಾತಿಲ್ಲದೆ ಹೇಳಿದರು! ದೇವರು ಮೊದಲ ಸಲದ್ದನ್ನು ಲೆಕ್ಕಕ್ಕೆ ಹಿಡಿಯಬೇಕೋ, ಎರಡನೆಯದನ್ನೋ? ಇದನ್ನೂ ಪ್ರಾರ್ಥನೆಯಲ್ಲಿಯೇ ಕೇಳಿದೆ. ಸಭಾಪಾಲಕರು ಕೆಮ್ಮಿದರು.

ಕೊನೆಗೆ, "ಕರ್ತನೇ, ಎರಡು ವರ್ಷದಿಂದ ನಿನ್ನೊಡನೆ ಮಾತು ಬಿಟ್ಟಿರುವ ನನ್ನ ಹೆಂಡತಿಯ ಹೃದಯವನ್ನು ಮೆದುಮಾಡು. ಬಾಯಲ್ಲಿ ಆಮೆನ್ ಇಟ್ಟುಕೊಂಡು ಒಳಗೆ ಬರಿದಾಗಿರುವ ಈ ಮಗಳನ್ನು ತಿರುಗಿ ಸೇರಿಸಿಕೋ" ಎಂದೆ. ಮಾತು ಒಂದೊಂದೂ ನೆನಪಿದೆ. ಕೌಟುಂಬಿಕ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರನಾಗಿ ಕೂದಲು ನರೆಸಿಕೊಂಡವನು ನಾನು. ಕೇಳಿದ ಮಾತು ಮರೆಯುವುದಿಲ್ಲ, ಆಡಿದ ಮಾತಂತೂ ಇಲ್ಲವೇ ಇಲ್ಲ. ಸುತ್ತಲೂ "ಹೌದು ಕರ್ತನೇ, ಹೌದು ಕರ್ತನೇ" ಎಂಬ ದನಿಗಳು ಎದ್ದವು. ನನ್ನ ಕಣ್ಣೂ ಒದ್ದೆಯಾಯಿತು.

ಮನೆಗೆ ಬರುವಾಗ ಅವಳು ದಾರಿಯುದ್ದಕ್ಕೂ ನನಗಿಂತ ಮುಂದೆ ನಡೆದಳು. ತಲೆನೋವಿರಬೇಕು.

ಸೆಪ್ಟೆಂಬರ್ 4, ಗುರುವಾರ

ತಲೆನೋವಲ್ಲ.

"ನಿನ್ನೆ ನೀವು ಮಾಡಿದ್ದು ಏನು ಗೊತ್ತಾ?" ಎಂದಳು. ಬೆಳಿಗ್ಗೆ, ಒಲೆಯ ಮುಂದೆ, ಬೆನ್ನು ತಿರುಗಿಸಿಯೇ.

"ಪ್ರಾರ್ಥನೆ."

"ನಾನು ಆ ಮಾತು ನಿಮಗೆ ಹೇಳಿದ್ದು."

"ನಾನೂ ಅದನ್ನ ದೇವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ."

"ಅಷ್ಟು ಜನ ಕೂತಿದ್ರಲ್ಲ!"

"ಎಲ್ಲರೂ ಕಣ್ಣು ಮುಚ್ಕೊಂಡಿದ್ರು."

ಆಗ ತಿರುಗಿದಳು. "ಕಿವಿ?"

ಇಂಥ ಕುತರ್ಕಕ್ಕೆ ಏನು ಹೇಳುವುದು? ಪ್ರಾರ್ಥನೆಯ ಮಾತು ಮೇಲಕ್ಕೆ ಹೋಗುವ ಮಾತು. ಅಡ್ಡಕ್ಕೆ ಯಾರಿಗಾದರೂ ಕೇಳಿಸಿದರೆ ಅದಕ್ಕೆ ಪ್ರಾರ್ಥಿಸಿದವನು ಹೊಣೆಯಲ್ಲ. ನಮ್ಮ ಸಭೆಯಲ್ಲಿ ಇದೇನು ಹೊಸದೇ? ಹನ್ನೆರಡು ವರ್ಷದ ಹಿಂದೆ ಇದೇ ಕೂಟದಲ್ಲಿ ಖಜಾಂಚಿಗಳು ಎದ್ದು ನಿಂತು ತಮ್ಮ ಮಗನ ಕುಡಿತದ ಬಗ್ಗೆ ಅತ್ತು ಪ್ರಾರ್ಥಿಸಿದರು. ಒಬ್ಬರೂ ತಪ್ಪೆನ್ನಲಿಲ್ಲ. ಆ ಮಗ ಆಮೇಲೆ ಈ ಊರಿನ ಕಡೆ ತಲೆ ಹಾಕಲಿಲ್ಲ, ಅದು ಬೇರೆ ವಿಷಯ.

ಸಂಜೆ ಎಂದಿನಂತೆ ಕುಟುಂಬ ಪ್ರಾರ್ಥನೆ ನಡೆಸಿದೆ. ಅವಳು ಬಂದು ಕುಳಿತಳು. ಕಣ್ಣು ತೆರೆದುಕೊಂಡು ಕುಳಿತಿದ್ದಳು. ನನಗೆ ಹೇಗೆ ಗೊತ್ತಾಯಿತೆಂದರೆ, ನಡುವೆ ನಾನೂ ತೆರೆದು ನೋಡಿದೆ.

ಸೆಪ್ಟೆಂಬರ್ 7, ಭಾನುವಾರ

ಸಭೆಯವರ ಮೇಲೆ ಕೆಂಡದಂಥ ಸಿಟ್ಟು ಬಂದಿದೆ. ಬರೆಯದಿದ್ದರೆ ನಿದ್ದೆ ಬಾರದು.

ಆರಾಧನೆ ಮುಗಿದದ್ದೇ ಬಾಗಿಲ ಬಳಿ ಅವಳ ಕೈಹಿಡಿಯಲು ಜನ ಸಾಲುಗಟ್ಟಿದರು, ಸಾವಿನ ಮನೆಯಲ್ಲಿ ನಿಂತಂತೆ. ಖಜಾಂಚಿಗಳ ಹೆಂಡತಿಗೆ ನಾನಿಟ್ಟಿರುವ ಹೆಸರು ಡಂಗುರದಮ್ಮ. ಆಕೆ ಇವಳ ಕೆನ್ನೆ ಸವರಿ, "ಅಯ್ಯೋ ತಂಗಿ, ಎಷ್ಟು ಸೊರಗಿದ್ದೀಯೇ! ಒಬ್ಬಳೇ ನುಂಗ್ಕೊಂಡಿದ್ಯಲ್ಲ, ನಾವೆಲ್ಲ ಸತ್ತಿದ್ವಾ? ಏನಾಯ್ತು ಅಂತ ನನ್ನ ಹತ್ರ ಹೇಳು. ಪ್ರಾರ್ಥನೆ ಮಾಡೋಕೆ ಅನುಕೂಲ ಆಗತ್ತೆ" ಎಂದಳು. ವಿವರ ಕೊಡದಿದ್ದರೆ ದೇವರಿಗೆ ತಿಳಿಯುವುದಿಲ್ಲವೇನೋ!

ಆಮೇಲೆ ಸಂಡೇ ಸ್ಕೂಲಿನ ಮೇಲ್ವಿಚಾರಕ ಬಂದ. ಬ್ಯಾಂಕಿನಲ್ಲಿ ಕೆಲಸ, ಬೆಣ್ಣೆಯಂಥ ಮಾತು. "ಆಂಟಿ, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ. ಬೇರೇನಿಲ್ಲ, ತಾಯಂದಿರು ಒಂದಿಬ್ಬರು ಕೇಳಿದ್ರು."

"ಏನಂತ ಕೇಳಿದ್ರು?" ಎಂದು ನಾನು ಅಡ್ಡಬಂದೆ.

"ಅಂಕಲ್, ನೀವೇ ಪ್ರಾರ್ಥನೆಯಲ್ಲಿ ಹೇಳಿದ್ರಲ್ಲ…"

ನಾನು ಹೇಳಿದ್ದು ಅವಳಿಗಾಗಿ ಬೇಡಲು, ಅವಳನ್ನು ಕೆಲಸದಿಂದ ಬಿಡಿಸಲು ಅಲ್ಲ! ನಮ್ಮ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಪಾಠ ಹೇಳಿದವಳು. ಹಳೇ ದಿಂಬಿನ ಹತ್ತಿ ತೆಗೆದು ಮಕ್ಕಳ ಕ್ರಿಸ್‌ಮಸ್ ನಾಟಕಕ್ಕೆ ಇಡೀ ಕುರಿಹಿಂಡು ಮಾಡಿಕೊಟ್ಟವಳು. ಈ ಮೇಲ್ವಿಚಾರಕನೂ ಚಡ್ಡಿ ಹಾಕಿಕೊಂಡು ಅವಳ ಮುಂದೆ ಕುಳಿತು ಮೂಗು ಸುರಿಸಿದವನೇ. ಸಂಡೇ ಸ್ಕೂಲಿನ ಕಪಾಟಿನ ಕೀಲಿ ಕೇಳಿದ. ಕೊಟ್ಟುಬಿಟ್ಟಳು.

"ಕಾರ್ಯಕಾರಿ ಸಮಿತಿಗೆ ಬರೀತೀನಿ. ಮೇಲಿನವರಿಗೂ ಬರೀತೀನಿ. ಬಿಡಲ್ಲ" ಎಂದೆ.

"ಬೇಡ. ನಿಮಗೆ ಕೈ ಮುಗೀತೀನಿ, ಯಾರಿಗೂ ಏನೂ ಬರೀಬೇಡಿ, ಏನೂ ಹೇಳ್ಬೇಡಿ."

ಅವಳಿಗೋಸ್ಕರ ಹೋರಾಡಲು ಹೊರಟರೆ ನನಗೇ ಕೈಮುಗಿಯುತ್ತಾಳೆ.

ಸೆಪ್ಟೆಂಬರ್ 9, ಮಂಗಳವಾರ

ಅವಳು ತನ್ನ ಅಕ್ಕನ ಊರಿಗೆ ಹೋದಳು. ಬಸ್ಸಿನಲ್ಲಿ ಮೂರು ಗಂಟೆಯ ದಾರಿ.

ನಿಲ್ದಾಣದವರೆಗೆ ಚೀಲ ಹಿಡಿದುಕೊಂಡು ಹೋದೆ. ಎಷ್ಟು ದಿನಕ್ಕೆಂದು ಕೇಳಿದೆ. ಕಿಟಕಿಯ ಗಾಜು ಜಾರಿಸಲು ಹೆಣಗುತ್ತಿದ್ದಳು. ಅದು ಅಲುಗಲಿಲ್ಲ. ಬಸ್ಸು ಹೊರಟಿತು. "ಬರ್ತೀನಿ" ಅನ್ನಲಿಲ್ಲ.

ಮನೆಗೆ ಬಂದು ನೋಡಿದರೆ ಚಳಿಗಾಲದ ಸ್ವೆಟರನ್ನೂ ತೆಗೆದುಕೊಂಡು ಹೋಗಿದ್ದಾಳೆ.

ಸೆಪ್ಟೆಂಬರ್ 12, ಶುಕ್ರವಾರ

ಇಂದು ನ್ಯಾಯಾಲಯದಲ್ಲಿ ಬಂದ ಪ್ರಕರಣ ಈ ಕಾಲದ ಕೊಳಕನ್ನು ಕನ್ನಡಿ ಹಿಡಿದು ತೋರಿಸುವಂಥದು. ಗಂಡ ಲಾರಿಗಳ ಮೆಕ್ಯಾನಿಕ್, ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ. ಗಂಡ ದಿನಾ ತನ್ನ ತಾಯಿಗೆ ಫೋನ್ ಮಾಡಿ ಹೆಂಡತಿಯ ವಿಷಯವೆಲ್ಲ ಹೇಳುತ್ತಾನಂತೆ, ಅದೂ ಗ್ಯಾರೇಜಿನಲ್ಲಿ, ಕೈಗೆ ಗ್ರೀಸ್ ಇರುತ್ತದೆಂದು ಸ್ಪೀಕರ್ ಹಾಕಿಕೊಂಡು. ಅವಳಿಗೆ ಗರ್ಭ ನಿಲ್ಲದ ವಿಷಯ ಟೈರ್ ಬದಲಿಸುವವರಿಗೂ ಗೊತ್ತು.

ನ್ಯಾಯಾಧೀಶರು ಗಂಡನನ್ನು ಕೇಳಿದರು, "ಏನಪ್ಪಾ, ಇದು ನಿಜವೇ?"

"ಸ್ವಾಮಿ, ನಾನು ಹೇಳಿದ್ದು ನಮ್ಮಮ್ಮನಿಗೆ. ಬೇರೆಯವರು ಕೇಳಿಸ್ಕೊಂಡ್ರೆ ನಾನೇನು ಮಾಡ್ಲಿ?"

ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಎಂಥ ಮೂಢ! ಹೆಂಡತಿ ನಗಲಿಲ್ಲ. ನಿನಗೇನು ಬೇಕಮ್ಮಾ ಎಂದರೆ, "ಏನೂ ಬೇಡ. ಇವರಿಗೆ ಗೊತ್ತಿರದ ಒಂದು ಜಾಗ ಬೇಕು" ಎಂದಳು. ಅದನ್ನು ದಾಖಲೆಯಲ್ಲಿ ಹೇಗೆ ಬರೆಸುವುದೆಂದು ನ್ಯಾಯಾಧೀಶರಿಗೂ ತಿಳಿಯಲಿಲ್ಲ. "ಪ್ರತ್ಯೇಕ ವಾಸ ಕೋರಿರುತ್ತಾರೆ" ಎಂದು ಬರೆಸಿದರು.

ಇಂಥ ಗಂಡಸರಿಂದಲೇ ಮದುವೆಯೆಂಬುದರ ಮಾನ ಹೋಗಿರುವುದು.

ಫೋನ್ ಮಾಡಿದೆ. ಅಕ್ಕ ಎತ್ತಿಕೊಂಡರು. "ಮಲಗಿದ್ದಾಳೆ" ಎಂದರು. ಸಂಜೆ ಆರು ಗಂಟೆಗೆ ಯಾರು ಮಲಗುತ್ತಾರೆ?

ಸೆಪ್ಟೆಂಬರ್ 17, ಬುಧವಾರ

ಕೂಟದಲ್ಲಿ ಎಲ್ಲರೂ ಅವಳೆಲ್ಲಿ ಎಂದು ಕೇಳಿದರು. ಜ್ವರ ಎಂದೆ. ಜ್ವರ ಬಿಡಲೆಂದು ನಾಲ್ವರು ಒಬ್ಬರಾದ ಮೇಲೊಬ್ಬರು ಪ್ರಾರ್ಥಿಸಿದರು. ಇಲ್ಲದ ಜ್ವರಕ್ಕೆ ನಾನು ಆಮೆನ್ ಅಂದೆ. ಡಂಗುರದಮ್ಮ ಒಂದು ಕಣ್ಣನ್ನು ಅರೆ ತೆರೆದು ನನ್ನನ್ನೇ ನೋಡುತ್ತಿದ್ದಳು.

ಫೋನ್ ಮಾಡಿದರೆ ಅವಳು ಇಂದೂ "ಮಲಗಿದ್ದಾಳೆ".

ಸೆಪ್ಟೆಂಬರ್ 20, ಶನಿವಾರ

ನಮ್ಮ ಸಭೆಯಲ್ಲಿ ಮದುವೆಯಾಗುವವರು ಮೊದಲು ತರಗತಿಗೆ ಬಂದು ಕೂರಬೇಕು. ದಾಂಪತ್ಯದಲ್ಲಿ ಪ್ರಾರ್ಥನೆ ಎಂಬ ಪಾಠ ವರ್ಷಗಳಿಂದ ನಮ್ಮದು. ನಾನು ಮಾತಾಡುತ್ತೇನೆ, ಅವಳು ಪಕ್ಕದಲ್ಲಿ ಕುಳಿತಿರುತ್ತಾಳೆ. ತಪ್ಪಿಸಿಕೊಳ್ಳಲು ನೋಡಿದೆ. ಸಭಾಪಾಲಕರು, "ಆದರ್ಶ ದಂಪತಿಗಳು ಅಂದ್ರೆ ನೀವೇ ಅಲ್ವಾ? ಒಬ್ಬರಾದರೂ ಬನ್ನಿ" ಎಂದರು.

ಮೂರು ಜೋಡಿ. ಒಬ್ಬ ವರ ಮೇಜಿನ ಕೆಳಗೆ ಫೋನ್ ಒತ್ತುತ್ತಿದ್ದ. ಎಂದಿನ ಪಾಠವನ್ನೇ ಹೇಳಿದೆ. ದಂಪತಿಗಳು ದಿನಾ ಜೊತೆಯಾಗಿ ಕುಳಿತು ಬಾಯಿಬಿಟ್ಟು ಪ್ರಾರ್ಥಿಸಬೇಕು, ಹಾಗೆ ಪ್ರಾರ್ಥಿಸುವವರ ನಡುವೆ ಗುಟ್ಟು ಉಳಿಯುವುದಿಲ್ಲ ಎಂದೆ.

ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದ ಒಬ್ಬಳು ಹುಡುಗಿ ಕೈಯೆತ್ತಿದಳು. "ಅಂಕಲ್, ಒಬ್ಬರಿಗೆ ಮನಸ್ಸಿಲ್ಲದಿದ್ರೆ?"

"ಮನಸ್ಸು ಬರುವ ಹಾಗೆ ಇನ್ನೊಬ್ಬರು ಪ್ರಾರ್ಥಿಸಬೇಕು."

"ಅವರ ಎದುರಿಗೇನಾ?"

"ಹೌದು. ಯಾಕೆ?"

"ಅದು ಬೈದ ಹಾಗಾಗಲ್ವಾ?" ತನ್ನ ವರನ ಕಡೆ ತಿರುಗಿ, "ನೀನೇನಾದ್ರೂ ನನ್ನ ಎದುರಿಗೆ ದೇವರಿಗೆ ಚಾಡಿ ಹೇಳಿದ್ರೆ ನೋಡು!" ಎಂದಳು. ಅವನು, "ನಿನ್ನ ಬಗ್ಗೆ ಹೇಳೋಕೆ ಒಂದು ರಾತ್ರಿ ಸಾಲಲ್ಲ ಕಣೇ" ಎಂದ. ಎಲ್ಲರೂ ನಕ್ಕರು. ನಾನು ಮುಂದಿನ ಅಂಶಕ್ಕೆ ಹೋಗಬೇಕಿತ್ತು. ಮುಂದಿನ ಅಂಶ ಯಾವುದೆಂದು ನೆನಪಾಗಲಿಲ್ಲ. ಮರೆಯುವವನಲ್ಲ ನಾನು. ಪಕ್ಕದ ಕುರ್ಚಿಯ ಕಡೆ ನೋಡಿದೆ. ನಾನು ತಡವರಿಸಿದರೆ ಅವಳು ಮೆಲ್ಲಗೆ ಹೇಳಿಕೊಡುತ್ತಿದ್ದಳು ಎಂಬುದು ಆಗ ಹೊಳೆಯಿತು. ತರಗತಿಯನ್ನು ಬೇಗ ಮುಗಿಸಿದೆ.

ಸೆಪ್ಟೆಂಬರ್ 21, ಭಾನುವಾರ

ಮಗಳು ಫೋನ್ ಮಾಡಿದ್ದಳು. ಗಂಡನ ಊರಿನಲ್ಲಿರುವವಳಿಗೂ ಎಲ್ಲ ಗೊತ್ತಾಗಿದೆ. ಸ್ತ್ರೀಯರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದಾರೆ: "ನಂಬಿಕೆ ಕಳೆದುಕೊಂಡಿರುವ ನಮ್ಮ ಸಹೋದರಿಗಾಗಿ ಪ್ರಾರ್ಥಿಸಿ." ಕೆಳಗೆ ಸಾಲು ಸಾಲು ಮುಗಿದ ಕೈಗಳ ಚಿತ್ರ.

"ಪಪ್ಪಾ, ಯಾರು ಹಾಕಿದ್ದು ಅಂತ ಜಗಳ ಆಡೋಕೆ ಹೋಗ್ಬೇಡಿ. ಅವರಿಗೆ ಹೇಳಿದ್ದು ಯಾರು?"

"ನಾನು ದೇವರಿಗೆ—"

"ಪಪ್ಪಾ." ಅಷ್ಟೇ ಅಂದಳು. ಆಮೇಲೆ, "ಊಟ ಏನು ಮಾಡ್ಕೊಂಡ್ರಿ?" ಎಂದಳು. ಬ್ರೆಡ್ಡು ಎಂದೆ. ಅಳುತ್ತಿದ್ದಳೋ ಏನೋ, ಫೋನು ಕರಕರ ಎಂದಿತು.

ಸೆಪ್ಟೆಂಬರ್ 24, ಬುಧವಾರ

ರಜೆ ಹಾಕಿ ಹೋದೆ. ಬಸ್ಸಿನಲ್ಲಿ ಏನು ಹೇಳಬೇಕೆಂದು ತಲೆಯಲ್ಲಿ ಕರಡು ಬರೆದುಕೊಂಡೆ, ತಿದ್ದಿದೆ, ಮತ್ತೆ ಬರೆದೆ.

ಅಕ್ಕ ಬಾಗಿಲು ತೆಗೆದರು. ಗಂಡ ಹೋದಮೇಲೆ ಒಬ್ಬರೇ ಇರುವವರು. ನಾಲಿಗೆ ಹರಿತ, ಕೈ ಧಾರಾಳ. ಚಹಾ ಕೊಟ್ಟರು. ಅವಳು ನನ್ನ ದನಿ ಕೇಳಿ ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಆ ಸದ್ದು ಕೇಳಿಸಿತು.

"ಸ್ವಲ್ಪ ಕರೀರಿ ಅಕ್ಕಾ."

"ಕರೆದ್ರೆ ಬರೋ ಹಾಗಿದ್ರೆ ಒಳಗೆ ಯಾಕೆ ಹೋಗ್ತಿದ್ಲು? ಕಾಯಿರಿ. ನಿಮಗೆ ಕಾಯೋದು ಒಂದು ಬಿಟ್ಟು ಎಲ್ಲ ಬರತ್ತೆ."

ಕಾದೆ. ಚಹಾ ಆರಿತು. ಕೊನೆಗೆ ಬಸ್ಸಿನ ಹೊತ್ತಾಗುತ್ತಿತ್ತು. ಏನು ಮಾಡಬೇಕೋ ತೋಚದೆ ಆ ಬಾಗಿಲ ಮುಂದೆ ನಿಂತು, ಕಣ್ಣು ಮುಚ್ಚಿ, ಗಟ್ಟಿಯಾಗಿ ಪ್ರಾರ್ಥಿಸಿದೆ. "ಕರ್ತನೇ, ನನ್ನ ದುಃಖವನ್ನು ನೀನು ಬಲ್ಲೆ. ಮುಚ್ಚಿರುವ ಈ ಬಾಗಿಲನ್ನೂ, ಒಳಗಿರುವವಳ ಕಠಿಣವಾದ ಮನಸ್ಸನ್ನೂ—"

ಒಳಗಿನಿಂದ ಅವಳ ದನಿ ಬಂತು. ಕೂಗಲಿಲ್ಲ. ಬಾಗಿಲಿಗೆ ಬಾಯಿ ಹತ್ತಿರ ತಂದು ಹೇಳಿದ ಹಾಗಿತ್ತು.

"ನನಗೆ ಹೇಳೋದಿದ್ರೆ ನನಗೆ ಹೇಳಿ. ಆತನನ್ನ ಯಾಕೆ ಮಧ್ಯೆ ಎಳೀತೀರಿ? ಮದುವೆಯಾದಾಗಿಂದ ಇದೇ ಆಯ್ತು. ಸಾರಿಗೆ ಉಪ್ಪು ಜಾಸ್ತಿ ಆದ್ರೆ ಸಂಜೆ ಪ್ರಾರ್ಥನೆಯಲ್ಲಿ ಬರ್ತಿತ್ತು, 'ಮನೆಗೆಲಸದಲ್ಲಿ ಶ್ರದ್ಧೆ ಕೊಡು' ಅಂತ. ನಾನು ತವರಿಗೆ ಹೋಗ್ತೀನಿ ಅಂದ್ರೆ 'ಕುಟುಂಬದಲ್ಲಿ ಐಕ್ಯ ಕೊಡು' ಅಂತ. ನಾನು ಏನೂ ಅನ್ನೋ ಹಾಗಿಲ್ಲ. ದೇವರ ಹತ್ರ ಮಾತಾಡ್ತಿರೋರನ್ನ ನಡುವೆ ತಡೆಯೋಕಾಗತ್ತಾ? ಕೊನೆಗೆ ಆಮೆನ್ ಬೇರೆ ಅನ್ಬೇಕು."

ಅಕ್ಕ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲಿಸಿದ್ದರು.

"ಬಸ್ಸಿಗೆ ಹೊತ್ತಾಯ್ತು" ಎಂದೆ. ಎಂಥ ಮಾತು!

ಸೆಪ್ಟೆಂಬರ್ 26, ಶುಕ್ರವಾರ

ಉಪ್ಪಿನ ವಿಷಯ ನೆನಪಿದೆ. ಹಾಗೆ ಪ್ರಾರ್ಥಿಸಿದ್ದೂ ನೆನಪಿದೆ. ಮಗಳು ಹುಟ್ಟುವ ಮುಂಚಿನ ಮಾತು. ಒಳ್ಳೆಯ ಉದ್ದೇಶದಿಂದಲೇ ಹೇಳಿದ್ದು.

ಸಂಜೆ ಒಬ್ಬನೇ ಪ್ರಾರ್ಥನೆಗೆ ಕುಳಿತೆ. "ಕರ್ತನೇ" ಎಂದೆ. ನನ್ನ ದನಿ ಕೋಣೆಯಲ್ಲಿ ಒಬ್ಬ ವಕೀಲನ ದನಿಯಂತೆ ಕೇಳಿಸಿತು. ಇನ್ನೊಮ್ಮೆ ಮೆಲ್ಲಗೆ ಎಂದೆ. ಅದೂ ಹಾಗೆಯೇ ಕೇಳಿಸಿತು. ಯಾರಿಗೆ ಕೇಳಲೆಂದು ಇಷ್ಟು ಚೆನ್ನಾಗಿ ಮಾತು ಜೋಡಿಸುತ್ತಿದ್ದೇನೆ? ಮನೆಯಲ್ಲಿ ಯಾರೂ ಇಲ್ಲ.

ಎದ್ದು ಸೊಳ್ಳೆ ಬತ್ತಿ ಹಚ್ಚಿದೆ.

ಸೆಪ್ಟೆಂಬರ್ 29, ಸೋಮವಾರ

ಮಧ್ಯಾಹ್ನ ಕಿರಿಯ ವಕೀಲನೊಬ್ಬ ಬಂದು, "ಸರ್, ನಿಮ್ಮ ಮನೆಯವರನ್ನ ಕೆಳಗೆ ಅರ್ಜಿ ಕೊಡೋ ಕಿಟಕಿ ಹತ್ರ ನೋಡಿದ ಹಾಗಾಯ್ತು" ಎಂದ.

ನಮ್ಮ ಕಟ್ಟಡದಲ್ಲಿ ಆ ಕಿಟಕಿಗೆ ಒಂದೇ ಕೆಲಸ. ಅಲ್ಲಿ ಕೊಡುವ ವಿಚ್ಛೇದನದ ಅರ್ಜಿ ಮೇಲಕ್ಕೆ ಬಂದು ನನ್ನ ಮೇಜಿನ ಮೇಲೆ ಕೂರುತ್ತದೆ.

ಮೆಟ್ಟಿಲಿಳಿದು ಓಡಿದೆ. ಸಾಕ್ಷಿ ಹೇಳಲು ಬಂದ ಯಾರೋ ಮುದುಕನಿಗೆ ಢಿಕ್ಕಿ ಹೊಡೆದೆ. ಅವನ ಕೋಲು ಬಿತ್ತು, ಎತ್ತಿಕೊಡಲಿಲ್ಲ. ಕಿಟಕಿಯ ಮುಂದೆ ಅವಳದೇ ಎತ್ತರ, ಅವಳದೇ ನೀಲಿ ಸೀರೆ. ಹತ್ತಿರ ಹೋಗಿ ಹೆಗಲು ಮುಟ್ಟಲು ಕೈಯೆತ್ತಿದೆ. ತಿರುಗಿದರು. ಯಾರೋ. ಅತ್ತು ಅತ್ತು ಕಣ್ಣು ಬಾತಿತ್ತು. "ಇಲ್ಲೇನಾ ಸರ್ ಕೊಡೋದು?" ಎಂದರು. ಇಲ್ಲೇ ಎಂದೆ.

ಮೇಲೆ ಬಂದ ಮೇಲೆ ಬರೆಸಿದ ಒಂದು ವಾಕ್ಯ ತಪ್ಪಿಹೋಯಿತು. ನ್ಯಾಯಾಧೀಶರನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಹುಷಾರಿಲ್ವೇನ್ರೀ?"

ಎಷ್ಟೋ ಸಲ ಅವರು ಒಂದು ಮಾತನ್ನು ಕಡತದಿಂದ ತೆಗೆದುಹಾಕಿ ಎನ್ನುತ್ತಾರೆ. ಗೆರೆ ಎಳೆಯುತ್ತೇನೆ. ಕಾನೂನಿನ ಲೆಕ್ಕದಲ್ಲಿ ಆ ಮಾತು ಆಡಿಯೇ ಇಲ್ಲ. ಹಾಗೆ ಗೆರೆ ಎಳೆದ ಮಾತುಗಳೇ ನನಗೆ ಹೆಚ್ಚು ನೆನಪಿರುವುದು. ಆ ಕೋಣೆಯಲ್ಲಿದ್ದ ಎಲ್ಲರಿಗೂ ಹಾಗೆಯೇ ಇರಬೇಕು. ಹಾಗಿದ್ದರೆ ನಾನೀಗ ಎಲ್ಲಿ ಹೋಗಿ ಏನು ಅಳಿಸಲಿ?

ಅಕ್ಟೋಬರ್ 1, ಬುಧವಾರ

ಕೂಟ ಮುಗಿಸುವ ಪ್ರಾರ್ಥನೆಗೆ ಸಭಾಪಾಲಕರು ನನ್ನ ಹೆಸರು ಹೇಳಿದರು. ಎದ್ದೆ. ಕಣ್ಣು ಮುಚ್ಚಿದೆ. ದೇಶವಿತ್ತು, ನೀರಿತ್ತು, ರೋಗಿಗಳಿದ್ದರು. ಒಂದೂ ಬಾಯಿಗೆ ಬರಲಿಲ್ಲ. ಹುಡುಕಿದೆ. ಒಳಗೆ ಏನೂ ಇರಲಿಲ್ಲ. ಕತ್ತಲೆ ಕೂಡ ಅಲ್ಲ, ಕುರ್ಚಿ ಮೇಜು ಹೊರಗೆ ಹಾಕಿದ ಕೋಣೆಯ ಹಾಗೆ.

ಯಾರೋ ಕೆಮ್ಮಿದರು. ಫ್ಯಾನು ತಿರುಗುತ್ತಿತ್ತು. ಎಷ್ಟು ಹೊತ್ತೋ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಆಮೆನ್ ಅಂದರು. ಎಲ್ಲರೂ ಅಂದರು.

ಎರಡು ವರ್ಷ. ಪ್ರತಿ ಸಂಜೆ.

ಅಕ್ಟೋಬರ್ 3, ಶುಕ್ರವಾರ

ಸಭಾಪಾಲಕರು ಡಂಗುರದಮ್ಮನನ್ನೂ ಖಜಾಂಚಿಗಳನ್ನೂ ಕರೆದುಕೊಂಡು ಮನೆಗೆ ಬಂದರು. ಮೂವರೂ ಸಾಲಾಗಿ ಸೋಫಾದಲ್ಲಿ ಕುಳಿತರು. ಡಂಗುರದಮ್ಮ ನನ್ನ ಕೈಹಿಡಿದು, "ಅಣ್ಣಾ, ನೀವೂನಾ!" ಎಂದಳು. ಆಕೆಯ ಕಣ್ಣು ಅಡುಗೆಮನೆಯ ಕಡೆ, ತೊಳೆಯದ ಪಾತ್ರೆಗಳ ಕಡೆ ಹೋಗಿ ಬಂತು.

"ನಿಮ್ಮ ಹೆಸರನ್ನೂ ಪ್ರಾರ್ಥನಾ ಪಟ್ಟಿಗೆ ಸೇರಿಸಿದ್ದೀವಿ" ಎಂದರು ಸಭಾಪಾಲಕರು. ನಿಜವಾದ ಮರುಕದಿಂದಲೇ ಹೇಳಿದರು. "ಏನಾಗಿದೆ ಅಂತ ಬಿಚ್ಚಿ ಹೇಳಿದ್ರೆ…"

"ಏನೂ ಆಗಿಲ್ಲ."

"ಅಣ್ಣಾ, ನಮ್ಮ ಹತ್ರ ಮುಚ್ಚುಮರೆ ಯಾಕೆ? ತಂಗಿ ಬಿಟ್ಟು ಹೋದ್ಲಂತೆ?"

ಒದ್ದು ಹೊರಗೆ ಹಾಕಬೇಕೆನಿಸಿತು. ಅದಕ್ಕಿಂತ ಹೆಚ್ಚಾಗಿ ಎದ್ದು ಒಳಗೆ ಹೋಗಿ ಚಿಲಕ ಹಾಕಿಕೊಳ್ಳಬೇಕೆನಿಸಿತು. ಮನೆ ನನ್ನದೇ ಆದ್ದರಿಂದ ಹಾಗೆ ಮಾಡುವಂತಿರಲಿಲ್ಲ. ಮೂವರೂ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಹೊರಡುವಾಗ ಖಜಾಂಚಿಗಳು ಬಾಗಿಲಲ್ಲಿ ಹಿಂದುಳಿದರು.

"ನಮ್ಮ ಹುಡುಗನ ಕಥೆ ನಿಮಗೆ ಗೊತ್ತಲ್ಲ. ಅವತ್ತು ಕೂಟದಲ್ಲಿ ನಾನು ಪ್ರಾರ್ಥನೆ ಮಾಡಿದಾಗ ಅವನು ಹೊರಗೆ ಚಪ್ಪಲಿ ಬಿಡ್ತಾ ಇದ್ನಂತೆ. ಅವತ್ತೇ ಮೊದಲ ಸಲ ತಾನಾಗಿ ಕೂಟಕ್ಕೆ ಬಂದಿದ್ದ." ಚಪ್ಪಲಿ ಮೆಟ್ಟಿಕೊಳ್ಳುತ್ತಾ ನೆಲ ನೋಡಿಯೇ ಹೇಳಿದರು. "ಹಂಗೇ ತಿರುಗಿ ಹೋದ. ನೀವು ಬೇಗ ಹೋಗಿ ನೋಡಿ."

"ನಡೀರಿ, ಇನ್ನೂ ಎರಡು ಮನೆ ಇದೆ" ಎಂದು ಡಂಗುರದಮ್ಮ ಗೇಟಿನಿಂದ ಕೂಗಿದಳು.

ಅಕ್ಟೋಬರ್ 5, ಭಾನುವಾರ

ಆರಾಧನೆಗೆ ಹೋದೆ. ಪ್ರಕಟಣೆಗಳ ಹೊತ್ತಿನಲ್ಲಿ ಎದ್ದು, "ಕಳೆದ ತಿಂಗಳು ಕೂಟದಲ್ಲಿ ನನ್ನ ಹೆಂಡತಿಯ ಬಗ್ಗೆ ನಾನು ಹೇಳಿದ ಮಾತು ನಾನು ಹೇಳಬಾರದ್ದು. ಅದು ಅವಳದು" ಎಂದು ಹೇಳಿ ಕುಳಿತೆ. ಅದರ ಮೇಲೆ ಭಾಷಣ ಮಾಡುವ ಚಪಲವಿತ್ತು. ಮಾಡಲಿಲ್ಲ.

ಹೊರಗೆ ಮೇಲ್ವಿಚಾರಕ, "ಅಂಕಲ್, ಹಾಗಾದ್ರೆ ಆಂಟಿ ಪ್ರಾರ್ಥನೆ ಮಾಡ್ತಾರಾ?" ಎಂದು ಕೇಳಿದ. ಗೊತ್ತಿಲ್ಲಪ್ಪಾ ಎಂದೆ.

ಏನೂ ಸರಿಹೋಗಿಲ್ಲ. ಕೀಲಿ ಅವನ ಹತ್ತಿರವೇ ಇದೆ.

ಅಕ್ಟೋಬರ್ 8, ಬುಧವಾರ

ಕೂಟಕ್ಕೆ ಹೋಗಲಿಲ್ಲ. ಪಾತ್ರೆ ತೊಳೆದೆ.

ಅಕ್ಟೋಬರ್ 11, ಶನಿವಾರ

ಬೆಳಿಗ್ಗೆಯ ಬಸ್ಸಿಗೆ ಹೋದೆ. ಕರಡು ಏನೂ ಬರೆದುಕೊಂಡಿರಲಿಲ್ಲ. ಬರೆದುಕೊಳ್ಳಲು ಕುಳಿತರೆ ಬರಲಿಲ್ಲ.

ಅಕ್ಕ ನನ್ನನ್ನು ನೋಡಿ, "ಹಿತ್ತಲಲ್ಲಿದ್ದಾಳೆ. ಪ್ರಾರ್ಥನೆ ಗೀರ್ಥನೆ ಶುರು ಮಾಡಿದ್ರೆ ಪೊರಕೆ ತರ್ತೀನಿ" ಎಂದರು. ತಮಾಷೆಯೋ ನಿಜವೋ ತಿಳಿಯಲಿಲ್ಲ.

ಅವಳು ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಬಟಾಣಿ ಸುಲಿಯುತ್ತಿದ್ದಳು. ತೆಳ್ಳಗಾಗಿದ್ದಾಳೆ. ಎದ್ದು ಹೋಗಲಿಲ್ಲ. ಒಂದು ಮೆಟ್ಟಿಲು ಕೆಳಗೆ ಕುಳಿತೆ.

"ನಾನು ನಿನಗೆ ಹೇಳ್ಬೇಕು," ಎಂದೆ. "ತಪ್ಪಾಯ್ತು."

"ಯಾರಿಗೆ ಹೇಳ್ತಿದ್ದೀರಿ?"

"ನಿನಗೆ."

ಇನ್ನೊಂದು ಕಾಯಿ ಬಿಡಿಸಿದಳು. ಗೋಡೆಯಾಚೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಮನೆಗೆ ಬಾ ಎನ್ನಬೇಕೆಂದಿದ್ದೆ. ಅನ್ನಲಿಲ್ಲ. ಕೂಟದಲ್ಲಿ ಎದ್ದು ನಿಂತು ಮಾತು ಬಾರದೆ ಕುಳಿತ ಸಂಗತಿ ಹೇಳಿದೆ. ಆಗ ಮೊದಲ ಸಲ ನನ್ನ ಕಡೆ ತಿರುಗಿ ನೋಡಿದಳು. "ಹೆದರಿಕೆ ಆಯ್ತಾ?" ಎಂದಳು. ಆಯ್ತು ಎಂದೆ. "ಹ್ಞೂಂ" ಎಂದಳು.

ಬಿಸಿಲು ಒಂದು ಮೆಟ್ಟಿಲು ಕೆಳಗಿಳಿಯಿತು. ಆಮೇಲೆ ಅವಳೇ ಮಾತು ತೆಗೆದಳು. ಎರಡು ವರ್ಷದ ಹಿಂದೆ ಏನಾಯಿತು, ಯಾವತ್ತು ಆಯಿತು, ಏಕೆ ಅಂದಿನಿಂದ ದೇವರೊಡನೆ ಮಾತು ಹೊರಡಲಿಲ್ಲ ಎಂದು. ಯಾರಾದರೂ ಹೀಗೆ ನಿಧಾನವಾಗಿ ಹೇಳತೊಡಗಿದರೆ ನನ್ನ ಬಲಗೈಯ ತೋರುಬೆರಳು ತೊಡೆಯ ಮೇಲೆ ತಾನಾಗಿ ಶೀಘ್ರಲಿಪಿ ಗೀಚುತ್ತದೆ. ಅಷ್ಟು ವರ್ಷದ ಅಭ್ಯಾಸ. ಅದನ್ನು ನೋಡಿ ಅವಳು ನಿಲ್ಲಿಸಿದಳು. ಬಟಾಣಿಯ ಮೊರವನ್ನು ನನ್ನ ಮಡಿಲಿಗೆ ತಳ್ಳಿದಳು. ನಾನು ಸುಲಿಯತೊಡಗಿದೆ. ಅವಳು ಮುಂದುವರಿಸಿದಳು. ನಡುವೆ ಅತ್ತಳು. ನಾನು ಸುಮ್ಮನಿದ್ದೆ. ಮುಗಿದ ಮೇಲೆಯೂ ಸುಮ್ಮನಿದ್ದೆ.

"ಏನೂ ಅನ್ನಲ್ವಾ?" ಎಂದಳು.

"ಇಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

ನನ್ನ ಕೈಯಿಂದ ಒಂದು ಹುಳುಕು ಕಾಳು ಹೆಕ್ಕಿ ಎಸೆದಳು.

ಯಾವಾಗ ಬರುತ್ತಾಳೆಂದು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬರುವುದೇ ಇಲ್ಲವೋ ಏನೋ ಎಂಬ ಹೆದರಿಕೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಇತ್ತು, ಈಗಲೂ ಇದೆ. ನಿಲ್ದಾಣಕ್ಕೆ ಅವಳು ಬರಲಿಲ್ಲ. ಗೇಟಿನವರೆಗೆ ಬಂದಳು.

ಮನೆಯ ಬಾಗಿಲು ತೆಗೆಯುತ್ತಿದ್ದಂತೆ ಡಂಗುರದಮ್ಮನ ಫೋನು. "ಅಣ್ಣಾ, ಹೋಗಿದ್ರಂತೆ! ಏನಂದ್ಲು ತಂಗಿ? ಏನು ವಿಷಯ ಅಂತ ತಿಳಿದ್ರೆ ನಾಳೆ ಸಂಘದಲ್ಲಿ ಪ್ರಾರ್ಥನೆಗೆ ಇಡ್ತಿದ್ವಿ."

"ಬಟಾಣಿ ಚೆನ್ನಾಗಿತ್ತು" ಎಂದು ಹೇಳಿ ಫೋನಿಟ್ಟೆ.

ಅವಳು ಹೇಳಿದ್ದೆಲ್ಲ ಮಾತು ಮಾತಿಗೆ ನೆನಪಿದೆ. ಇಲ್ಲಿ ಬರೆಯುವುದಿಲ್ಲ. ಸಂಜೆ ಕಣ್ಣು ಮುಚ್ಚಿ ಕುಳಿತೆ. ಅಲ್ಲಿಯೂ ಹೇಳಲಿಲ್ಲ.